ತಂಗಡಿ ಮರಡಿ

ದೇಸಾಯರ ಎತ್ತನ್ನು ಲಗಮವ್ವ ಮುಟ್ಟಬಹುದಿತ್ತು. ದೇಸಾಯರನ್ನು ಮುಟ್ಟುವಂತಿರಲಿಲ್ಲ.

ಎತ್ತಿನ ಕಾಲು ಉಳುಕಿದರೆ ಅವಳು ಅವರ ವಾಡೆಯ ದನದ ಮನೆಯೊಳಗೇ ಹೋಗುತ್ತಿದ್ದಳು. ಅದರ ಕೊರಳು ತಬ್ಬುತ್ತಿದ್ದಳು. ತೊಡೆ ಸವರುತ್ತಿದ್ದಳು. ಗೊರಸನ್ನು ತನ್ನ ಮಡಿಲಲ್ಲಿಟ್ಟುಕೊಂಡು ತಾಸುಗಟ್ಟಲೆ ಕೂಡುತ್ತಿದ್ದಳು. ಯಾರೂ ಏನೂ ಅನ್ನುತ್ತಿರಲಿಲ್ಲ. ಅದೇ ಎತ್ತು ಹಾಯ್ದು ಮನುಷ್ಯರ ಕೈ ಮುರಿದರೆ ಲಗಮವ್ವ ಹಿತ್ತಲಿನ ತಿಪ್ಪೆಯ ಪಕ್ಕ ಕೂಡ್ರಬೇಕು. ಅಲ್ಲಿಂದ ಒಂದು ಉದ್ದನೆಯ ಕೋಲು ಚಾಚಿ, ಇಲ್ಲಿ ಹಿಡಿ, ಅಲ್ಲಿ ಜಗ್ಗು ಅಂತ ಹೇಳಬೇಕು. ಹಡಪದ ಹುಲೆಪ್ಪ ಅವಳು ಹೇಳಿದಂತೆ ಹಿಡಿಯುತ್ತಿದ್ದ, ಜಗ್ಗುತ್ತಿದ್ದ. ಅವಳು ಅರೆದು ತಂದ ತಂಗಡಿ ಸೊಪ್ಪನ್ನು ಎಕ್ಕೆಯ ಎಲೆಯ ಮೇಲೆ ನೆಲಕ್ಕಿಡಬೇಕು. ಅದಕ್ಕೆ ನೀರು ಚಿಮುಕಿಸಿ ಎತ್ತಿಕೊಳ್ಳುತ್ತಿದ್ದರು.

ಹುಲೆಪ್ಪ ಕೆಟ್ಟವನಲ್ಲ. ಕತ್ತರಿ ಹಿಡಿಯುವ ಕೈ ಅವನದು. ಎಲುಬು ಹಿಡಿಯುವ ಕೈ ಅಲ್ಲ.

ಹಾಗಾಗಿ ಊರಲ್ಲಿ ಸೊಟ್ಟಗೆ ಕೂಡಿದ ಕೈಕಾಲು ಬಹಳ ಇದ್ದವು. ಪೂಜಾರಿ ಎಡಗೈಯನ್ನು ತಲೆಯ ಮೇಲಕ್ಕೆ ಎತ್ತಲಾರ. ದೊಡ್ಡ ಒಕ್ಕಲುತನದ ಮನೆಯ ಯಜಮಾನ ಬದುವಿನ ಮೇಲೆ ಕುಂಟುತ್ತ ಹೋಗುತ್ತಿದ್ದ. ಹೊಲಗೇರಿಯಲ್ಲಿ ಮಾತ್ರ ಒಂದೂ ಸೊಟ್ಟ ಕೈ ಇರಲಿಲ್ಲ. ಅಲ್ಲಿಯವರು ಬಾವಿಯಲ್ಲಿ ಬಿದ್ದಿದ್ದರು, ಬಂಡಿಯ ಕೆಳಗೆ ಸಿಕ್ಕಿದ್ದರು, ವಾಡೆಯ ಗೋಡೆ ಕಟ್ಟುವಾಗ ಮೈಮೇಲೆ ಕಲ್ಲು ಕೆಡವಿಕೊಂಡಿದ್ದರು. ಅವರನ್ನೆಲ್ಲ ಲಗಮವ್ವ ಮುಟ್ಟಿ ಕೂಡಿಸಿದ್ದಳು.

ಊರು ಬಿಸಲಹಾಳ. ಜಮಖಂಡಿಯಿಂದ ಬೀಳಗಿಯ ಕಡೆ ಹೋದರೆ, ಬಂಡೆ ಮತ್ತು ಗರಸು ಮಣ್ಣು ಬಿಟ್ಟು ಬೇರೇನೂ ಕಾಣದ ಕಡೆ ಅದು. ರಾಜರಿದ್ದ ಕಾಲ. ಊರು ಬಸಗೊಂಡಪ್ಪ ದೇಸಾಯಿಗೆ ಇನಾಮು. ಹೊಲ, ಬಾವಿ, ಚಾವಡಿ, ಮರಡಿ ಎಲ್ಲ ಅವನದು. ಮರಡಿ ಅಂದರೆ ಊರ ಮೂಡಣದ ಕಲ್ಲುಗುಡ್ಡ. ಅದರ ತುಂಬ ತಂಗಡಿ ಗಿಡ. ಎದೆಯೆತ್ತರದ ಗಿಡ, ಹುಣಸೆಯಂಥ ಸಣ್ಣೆಲೆ. ಮಳೆ ಬಂದರೂ ಬಿಟ್ಟರೂ ಹಳದಿ ಹೂ. ದನ ಬಾಯಿ ಹಾಕುವುದಿಲ್ಲ. ಆಡು ಕೂಡ ಮೂಸಿ ಬಿಡುತ್ತದೆ. ಒಕ್ಕಲಿಗರಿಗೆ ಬೇಡವಾದ ಗಿಡವಾದ್ದರಿಂದ ಅದನ್ನು ಹೊಲಗೇರಿಗೆ ಬಿಟ್ಟಿದ್ದರು. ಹೊಲಗೇರಿ ಅದರ ತೊಗಟೆಯಲ್ಲಿ ಚರ್ಮ ಹದ ಮಾಡುತ್ತಿತ್ತು, ಅದರ ಕಡ್ಡಿಯಲ್ಲಿ ಹಲ್ಲುಜ್ಜುತ್ತಿತ್ತು, ಅದರ ಕಟ್ಟಿಗೆಯಲ್ಲಿ ರೊಟ್ಟಿ ಸುಡುತ್ತಿತ್ತು. ಕಾಳು ತೀರಿದ ವರ್ಷ ಅದರ ಹೂವನ್ನೇ ಕುದಿಸಿ ತಿನ್ನುತ್ತಿತ್ತು. ಸೊಪ್ಪು ಮಾತ್ರ ಲಗಮವ್ವನದು. ಅವಳ ಅತ್ತೆ ಸಾಯುವ ಮುಂಚೆ ಕೈ ಹಿಡಿದು ಕಲಿಸಿ ಹೋಗಿದ್ದಳು. ಯಾವ ಟೊಂಗೆಯ ಸೊಪ್ಪು, ಎಷ್ಟು ಉದ್ದಿನ ಹಿಟ್ಟು, ಎಷ್ಟು ಅರಿಷಿಣ. ಕೇರಿಯವರಿಗಾದರೆ ಕೋಳಿ ತತ್ತಿಯೂ ಸೇರುತ್ತಿತ್ತು. ವಾಡೆಯವರ ಮೈಗೆ ತತ್ತಿ ಹತ್ತುವಂತಿರಲಿಲ್ಲ.

ಗಂಡ ಸತ್ತು ಹತ್ತು ವರ್ಷವಾಗಿತ್ತು. ಮಕ್ಕಳಿರಲಿಲ್ಲ. ಮೈದುನ ಬಾಳು ಮತ್ತು ಅವನ ಹೆಂಡತಿ ಸಾತವ್ವನ ಜೊತೆ ಒಂದೇ ಗುಡಿಸಲಲ್ಲಿ ಇರುತ್ತಿದ್ದಳು.

ಉಪ್ಪಿನ ಗಲಾಟೆಯ ಮರುವರ್ಷ, ಪಂಚಮಿಯ ದಿನ, ವಾಡೆಯ ಬೇವಿನ ಮರಕ್ಕೆ ಕಟ್ಟಿದ ಜೋಕಾಲಿಯಿಂದ ದೇಸಾಯಿಯ ಮೊಮ್ಮಗಳು ಚಂಪವ್ವ ಬಿದ್ದಳು. ಎಂಟು ವರ್ಷದ ಹುಡುಗಿ. ಬಲಗೈ ಮಣಿಕಟ್ಟಿನ ಮೇಲೆ ಮುರಿದು ಸೌಟಿನ ಹಾಗೆ ಬಾಗಿತ್ತು.

ಲಗಮವ್ವನಿಗೆ ಹೇಳಿಕೆ ಬಂತು. ಅವಳು ಮರಡಿ ಹತ್ತಿ ಸೊಪ್ಪು ತರಿದು, ಅರೆದು, ಸೀಳಿದ ಬಿದಿರುಕಡ್ಡಿ ಮತ್ತು ಹಳೆ ಸೀರೆಯ ಪಟ್ಟಿ ತಗೊಂಡು ಓಡಿದಳು. ಹಿತ್ತಲಿನ ತಿಪ್ಪೆಯ ಪಕ್ಕ ಕೂತಳು. ಅಂಗಳದ ಆ ತುದಿಯಲ್ಲಿ, ಕಟ್ಟೆಯ ಮೇಲೆ, ತಾಯಿ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕೂತಿದ್ದಳು. ಹುಲೆಪ್ಪ ಎದುರಿಗೆ ಕೂತಿದ್ದ. ದೇಸಾಯಿ ಕಂಬಕ್ಕೆ ಕೈ ಕೊಟ್ಟು ನಿಂತಿದ್ದ. ಅವನ ಕಾರಭಾರಿ ಶಿದ್ರಾಮಪ್ಪ ಅವನ ಹಿಂದೆ.

"ಹುಲೆಪ್ಪಾ, ಅಂಗೈ ಮ್ಯಾಲ ಮಾಡಿ ಹಿಡಿ," ಅಂದಳು ಲಗಮವ್ವ. "ಮೊಣಕೈ ಹತ್ರ ಅವ್ವಾರು ಗಟ್ಟಿ ಹಿಡೀಲಿ. ಈಗ ಜಗ್ಗು. ದಮ್ಮ ಹಿಡದು ಜಗ್ಗು, ಜರ್ಕ ಕೊಡಬ್ಯಾಡ."

ಹುಲೆಪ್ಪ ಜಗ್ಗಿದ. ಕೂಸು ಕಿರುಚಿತು. ಅವನು ಹೆದರಿ ಕೈ ಬಿಟ್ಟ. ಎಲುಬು ಮತ್ತೆ ಹಿಂದಕ್ಕೆ ಹೋದದ್ದು ತಿಪ್ಪೆಯ ಬಳಿ ಕೂತ ಲಗಮವ್ವನಿಗೆ ಕಂಡಿತು.

"ಕೂಡೇತೇನು?" ದೇಸಾಯಿ ಕೇಳಿದ.

"ಇಲ್ರಿ. ಎಲಬ ಒಂದರ ಮ್ಯಾಲ ಒಂದು ಏರೇತಿ. ಇನ್ನಾ ಜಗ್ಗಬೇಕು. ಜಗ್ಗಿ, ಹೆಬ್ಬಟ್ಟಿಲೆ ಕೆಳಗ ಒತ್ತಬೇಕು."

"ಎಲ್ಲಿ ಒತ್ತಲಿ?" ಹುಲೆಪ್ಪ ಕೇಳಿದ. ಅವನ ಹಣೆಯಲ್ಲಿ ಬೆವರು.

"ಅದನ್ನ ಹೇಳಾಕ ಬರಂಗಿಲ್ಲೊ. ಮುಟ್ಟಿದವರಿಗೆ ಗೊತ್ತಾಕ್ಕೇತಿ."

ಎರಡನೇ ಸಲ ಜಗ್ಗಿದ. ಈ ಸಲ ಹೆಬ್ಬೆರಳು ಒತ್ತಬಾರದ ಕಡೆ ಒತ್ತಿತು. ಕೂಸಿನ ಕಣ್ಣು ಮೇಲೆ ಹೋದವು. ತಾಯಿ ಸೆರಗನ್ನು ಬಾಯಿಗೆ ತುರುಕಿಕೊಂಡಳು.

"ಧಣ್ಯಾರ," ಲಗಮವ್ವ ಅಂದಳು, "ಒಂದ ಸಲ ನನ್ನ ಕೈ ಹಚ್ಚಾಕ ಬಿಡ್ರಿ. ಒಂದ ಸಲ. ಆಮ್ಯಾಲ ಎಷ್ಟ ನೀರ ಸುರಕೋತೀರಿ ಸುರಕೋರಿ."

"ಕುಂದರ ಅಲ್ಲೇ," ದೇಸಾಯಿ ಅಂದ. ದನಿ ಏರಿಸಲಿಲ್ಲ. ನಾಯಿಗೆ ಹೇಳುವಾಗಲೂ ಅವನು ದನಿ ಏರಿಸುತ್ತಿರಲಿಲ್ಲ.

ಹುಲೆಪ್ಪ ಮೂರನೇ ಸಲ ಕೈ ಹಾಕಿದ. ಕೂಸು ಈಗ ಕಿರುಚಲಿಲ್ಲ. ಸಣ್ಣಗೆ ನರಳಿತು, ಏಟು ತಿಂದ ನಾಯಿಮರಿಯ ಹಾಗೆ. ಇನ್ನೊಂದು ಸಲ ತಪ್ಪಿದರೆ ಒಳಗಿನ ನರ ಹರಿಯುತ್ತದೆ ಅಂತ ಲಗಮವ್ವನಿಗೆ ಗೊತ್ತಿತ್ತು. ಅವಳ ಬೆರಳುಗಳು ತಾವಾಗಿಯೇ ಆಡುತ್ತಿದ್ದವು, ಖಾಲಿ ಗಾಳಿಯಲ್ಲಿ.

ಅವಳು ಎದ್ದಳು. ಕೋಲು ಅಲ್ಲೇ ಬಿದ್ದಿತು. ಅಂಗಳ ದಾಟಿದಳು. ನಲವತ್ತು ವರ್ಷ ಆ ಅಂಗಳವನ್ನು ನೋಡಿದ್ದಳು, ಒಂದು ದಿನವೂ ಅದರ ಮೇಲೆ ಕಾಲಿಟ್ಟಿರಲಿಲ್ಲ. ಹುಲೆಪ್ಪನ ಭುಜ ಹಿಡಿದು ಆಚೆ ದೂಡಿದಳು. ಕೂಸಿನ ಮಣಿಕಟ್ಟನ್ನು ಕೈಗೆ ತಗೊಂಡಳು. ಅದು ಬಿಸಿಯಾಗಿತ್ತು, ಬೆಂಡಿನಷ್ಟು ಹಗುರ. ಅವಳು ಕಣ್ಣು ಮುಚ್ಚಿದಳು. ಜಗ್ಗಿದಳು, ತಡೆದಳು, ಹೆಬ್ಬೆರಳಿನಿಂದ ಒತ್ತಿದಳು. ಒಳಗೆ ಟಕ್ ಅಂತ ಆಯಿತು. ಕೂಸಿನ ನರಳಿಕೆ ಅಲ್ಲಿಗೇ ನಿಂತಿತು.

ಅವಳು ಸೊಪ್ಪು ಬಳಿದಳು. ಬಿದಿರುಕಡ್ಡಿ ಜೋಡಿಸಿದಳು. ಪಟ್ಟಿ ಸುತ್ತಿದಳು, ಬೆರಳ ತುದಿಯಲ್ಲಿ ರಕ್ತ ಓಡಾಡುತ್ತದೆಯೋ ಇಲ್ಲವೋ ಅಂತ ಮತ್ತೆ ಮತ್ತೆ ಒತ್ತಿ ನೋಡಿಕೊಂಡು. ದೇಸಾಯಿ ಕಂಬದ ಹತ್ತಿರದಿಂದ ಎಲ್ಲ ನೋಡುತ್ತಿದ್ದ. ಕಡೆಯ ಗಂಟು ಹಾಕುವವರೆಗೂ ಸುಮ್ಮನೆ ನಿಂತಿದ್ದ.

"ಮುಗೀತಾ?" ಅಂದ.

"ಮುಗೀತ್ರಿ. ಐದ ದಿನಕ್ಕ ಪಟ್ಟಿ ಬಿಚ್ಚಿ ಹೊಸಾ ಸೊಪ್ಪು ಹಚ್ಚಬೇಕು."

ಆಮೇಲೆ ಅವನು ಶಿದ್ರಾಮಪ್ಪನ ಕಡೆ ನೋಡಿದ. ಶಿದ್ರಾಮಪ್ಪ ಅವಳ ಕೂದಲಿಗೆ ಕೈ ಹಾಕಲಿಲ್ಲ, ಮುಟ್ಟಬೇಕಾಗುತ್ತದಲ್ಲ. ಬಿದ್ದಿದ್ದ ಅವಳದೇ ಕೋಲು ತಗೊಂಡು ಬೆನ್ನಿಗೆ ಹೊಡೆಯುತ್ತ ಅವಳನ್ನು ಹಿತ್ತಲ ಬಾಗಿಲವರೆಗೆ ಅಟ್ಟಿದ. ಬಾಗಿಲಲ್ಲಿ ಅವಳು ತಿರುಗಿ ನೋಡಿದಳು. ಕೂಸಿಗೆ ತಲೆಯ ಮೇಲಿಂದ ನೀರು ಸುರಿಯುತ್ತಿದ್ದರು. ಪಟ್ಟಿ ತೋಯಬಾರದು ಅಂತ ಬಲಗೈಯೊಂದನ್ನು ಮೇಲಕ್ಕೆ ಎತ್ತಿ ಹಿಡಿದಿದ್ದರು. ಲಗಮವ್ವ ಮುಟ್ಟಿದ ಕೈಯನ್ನು ಬಿಟ್ಟು ಉಳಿದ ಮೈಯನ್ನೆಲ್ಲ ತೊಳೆಯುತ್ತಿದ್ದರು.

ಮರುದಿನ ಹೊಲಗೇರಿಯ ಗಂಡಸರು, ಹೆಂಗಸರು ಎಲ್ಲರನ್ನೂ ಚಾವಡಿಯ ಮುಂದೆ ಕೂಡ್ರಿಸಿದರು. ಲಗಮವ್ವನನ್ನು ಕಲ್ಲುಕಂಬಕ್ಕೆ ಕಟ್ಟಿದರು. ಕಟ್ಟಿದ್ದು ಬಾಳು. ಅವಳ ಮೈದುನನ ಕೈಯಿಂದಲೇ ಕಟ್ಟಿಸಿದರು. ಕಾಲಿನ ಕಾಲ್ಮರಿ ಕಳಚಿ ಹೊಡೆದದ್ದು ಶಿದ್ರಾಮಪ್ಪ. ಆ ಕಾಲ್ಮರಿಯ ತೊಗಲನ್ನು ಹೊಲಗೇರಿಯೇ ಹದ ಮಾಡಿತ್ತು. ಲಗಮವ್ವ ಅಳಲಿಲ್ಲ. ಬಾಯೊಳಗೆ ಒಂದು ಹಲ್ಲು ಸಡಿಲಾಯಿತು. ನಾಲಿಗೆಯಿಂದ ಅದನ್ನು ದೂಡುತ್ತ ಇದ್ದಳು.

ದೇಸಾಯಿ ಹೇಳಿದ್ದು ಇಷ್ಟು: "ಈಕಿಗೆ ಸೊಪ್ಪಿನ ಸೊಕ್ಕ ಬಂದೇತಿ. ಮರಡಿ ಮ್ಯಾಲ ಒಂದ ತಂಗಡಿ ಗಿಡ ಇರಬಾರದು. ಬುಡಮಟ ಕಿತ್ತು ಸುಡ್ರಿ. ಎಂಟ ದಿನದಾಗ ಆಗಬೇಕು. ಈಕೀನೂ ಕೀಳಬೇಕು."

ಬಿಟ್ಟಿ ಚಾಕರಿ. ಕೂಲಿ ಇಲ್ಲ, ಕಾಳಿಲ್ಲ.

ತಂಗಡಿ ಕೀಳುವುದು ಅಂದರೆ ಗೊತ್ತಿಲ್ಲದವರಿಗೆ ಹೇಳಬೇಕು. ಮೇಲೆ ಹೆಬ್ಬೆರಳು ಗಾತ್ರದ ಕಾಂಡ. ಕೆಳಗೆ ತೋಳು ಗಾತ್ರದ ಬೇರು. ಅದು ಗರಸಿನೊಳಗೆ ನೆಟ್ಟಗೆ ಇಳಿದು, ಬಂಡೆ ಸಿಕ್ಕರೆ ಬಂಡೆಯ ಸೀಳಿನಲ್ಲಿ ಹೋಗಿ ಕೂಡುತ್ತದೆ. ಗುದ್ದಲಿ ನಡೆಯುವುದಿಲ್ಲ. ಹಾರೆ ಬೇಕು. ಹಾರೆ ಕಲ್ಲಿಗೆ ಬಡಿದಾಗ ಅದರ ಪೆಟ್ಟು ಹೊಡೆದವನ ಭುಜಕ್ಕೇ ವಾಪಸು ಬರುತ್ತದೆ. ಒಂದು ಗಿಡಕ್ಕೆ ಅರ್ಧ ತಾಸು. ಮರಡಿಯ ಮೇಲೆ ಸಾವಿರಾರು ಗಿಡ. ಶ್ರಾವಣದ ಜಿಟಿಜಿಟಿ ಮಳೆ. ಕೈ ನೆನೆದು ಮೆತ್ತಗಾಗಿ ಚರ್ಮ ಸುಲಿಯಿತು. ಮೊದಲ ದಿನ ಬೊಬ್ಬೆ ಎದ್ದವು. ಎರಡನೇ ದಿನ ಒಡೆದವು. ಮೂರನೇ ದಿನ ಹಾರೆಯ ಹಿಡಿ ಕೆಂಪಾಯಿತು. ಹೆಂಗಸರು ಕಿತ್ತ ಗಿಡಗಳನ್ನು ಎಳೆದು ಗುಡ್ಡೆ ಹಾಕಿದರು. ಹಸಿ ಗಿಡ ಉರಿಯುವುದಿಲ್ಲ, ಹೊಗೆಯುತ್ತದೆ. ಹೂಗಳು ಹಳದಿಯಾಗಿಯೇ ಇದ್ದು ಸುಟ್ಟವು. ಆ ಹೊಗೆ ಇಳಿದು ಹೊಲಗೇರಿಯ ಗುಡಿಸಲುಗಳನ್ನೇ ತುಂಬಿಕೊಂಡಿತು.

ಕೇರಿಯವರು ದೇಸಾಯಿಯನ್ನು ಬೈಯಲಿಲ್ಲ. ಲಗಮವ್ವನನ್ನು ಬೈದರು.

"ಆ ಕೂಸು ನಿನಗೇನಾಗಬೇಕಿತ್ತು?" ಸಾತವ್ವ ಕೇಳಿದಳು. "ನಿನ್ನ ಹೊಟ್ಟ್ಯಾಗ ಹುಟ್ಟಿತ್ತಾ? ಅವರ ಕೈ ಸೊಟ್ಟಾದ್ರ ಅವರಿಗೆ ಆಗತಿತ್ತು. ಈಗ ನಮ್ಮ ಒಲಿಗೆ ಕಟಗಿ ಇಲ್ಲ, ತೊಗಲ ಹದಕ್ಕ ತೊಗಟಿ ಇಲ್ಲ."

ಲಗಮವ್ವ ಬೇರಿನ ಸುತ್ತ ಹಾರೆ ಹಾಕುತ್ತಿದ್ದಳು. ಅವಳ ಅಂಗೈಯೂ ಸುಲಿದಿತ್ತು.

"ಹೋಗಿ ಕಾಲಿಗೆ ಬೀಳು ಅತ್ತಿಗಿ," ಬಾಳು ಅಂದ. ಅವನು ಸಿಟ್ಟಿನಲ್ಲಿ ಹೇಳಲಿಲ್ಲ, ದಣಿದು ಹೇಳಿದ. "ತಪ್ಪಾತು ಅನ್ನು. ಉಳದಷ್ಟರೆ ಗಿಡಾ ಉಳೀತಾವು."

"ಏನು ತಪ್ಪ ಆತು ಅನ್ನಲಿ? ಎಲಬ ಕೂಡಿಸಿದ್ದ ತಪ್ಪಾತು ಅನ್ನಲ್ಯಾ?"

ಬಾಳು ಹಾರೆ ಎತ್ತಿಕೊಂಡ. ಅವಳನ್ನು ಕಂಬಕ್ಕೆ ಕಟ್ಟಿದ ದಿನದಿಂದ ಅವನು ಅವಳ ಮುಖ ನೋಡುತ್ತಿರಲಿಲ್ಲ.

ಐದನೇ ದಿನ ಮಧ್ಯಾಹ್ನ ಶಿದ್ರಾಮಪ್ಪ ಮರಡಿಗೆ ಬಂದ. ಕೊಡೆ ಹಿಡಿದಿದ್ದ. ಬಗಲಲ್ಲಿ ಚಾಬೂಕು.

"ಲಗಮೀ, ವಾಡೇಕ ನಡಿ. ಇವತ್ತ ಪಟ್ಟಿ ಬಿಚ್ಚಬೇಕು ಅಂದಿದ್ದೆಲ್ಲ. ಸೊಪ್ಪು ಅರದು ತಗೊಂಡ ಬಾ. ತಿಪ್ಪಿ ಹತ್ರ ಕುಂದರು, ಹುಲೆಪ್ಪ ಬಿಚ್ಚತಾನ, ನೀ ಬಾಯಿಲೆ ಹೇಳು. ಈ ಸಲ ಎದ್ದಿ ಅಂದ್ರ ಕಾಲ ಮುರೀತೇನಿ."

ಲಗಮವ್ವ ಹಾರೆಯನ್ನು ಬೇರಿನ ಕೆಳಗೆ ತುರುಕಿ ನಿಂತಿದ್ದಳು. ಮಳೆ ನೀರು ಮೂಗಿನ ತುದಿಯಿಂದ ಇಳಿಯುತ್ತಿತ್ತು. ಅವಳು ಒಂದು ಸಲ ಗುಡ್ಡೆಯ ಹೊಗೆಯ ಕಡೆ ನೋಡಿದಳು, ಒಂದು ಸಲ ಶಿದ್ರಾಮಪ್ಪನ ಕೊಡೆಯ ಕಡೆ.

"ನಾ ಬರಂಗಿಲ್ಲ," ಅಂದಳು.

ಶಿದ್ರಾಮಪ್ಪನಿಗೆ ಕೇಳಿಸಲಿಲ್ಲ ಅಂತಲ್ಲ. ಹೊಲಗೇರಿಯ ಬಾಯಿಂದ ಆ ಮಾತನ್ನು ಅವನು ಅದುವರೆಗೆ ಕೇಳಿರಲಿಲ್ಲ. "ಏನಂದಿ?"

"ಬರಂಗಿಲ್ಲ ಅಂದ್ನಿ. ತಿಪ್ಪಿ ಹತ್ರ ಕುಂದರಂಗಿಲ್ಲ. ಕೋಲಿಲೆ ತೋರಸಂಗಿಲ್ಲ. ಇನ್ನ ಮ್ಯಾಲ ಯಾರಿಗೂ ಹಂಗ ಮಾಡಂಗಿಲ್ಲ."

"ಸೊಪ್ಪರೆ ಕೊಡು."

"ಸೊಪ್ಪು ಅಲ್ಲೆ ಉರಿಯಾಕತ್ತೇತಿ, ತಗೋರಿ. ಔಷಧ ಸೊಪ್ಪಿನ್ಯಾಗ ಇಲ್ಲ ಶಿದ್ರಾಮಪ್ಪಾರ. ಸೊಪ್ಪು ಗುಡ್ಡದ ತುಂಬ ಇತ್ತು, ಯಾರ ಹರಕೊಂಡ್ರೂ ಬರತಿತ್ತು. ಔಷಧ ಇರೂದು ಇದರಾಗ." ಅವಳು ಎರಡೂ ಅಂಗೈ ಮುಂದೆ ಚಾಚಿದಳು. ಅವು ಸುಲಿದು ಕೆಂಪಾಗಿದ್ದವು. "ಇದು ಬೇಕಂದ್ರ ತಗೋರಿ. ಬ್ಯಾಡಂದ್ರ ಬಿಡ್ರಿ. ಕೈ ಬ್ಯಾಡ, ಕೈಗುಣ ಬೇಕಂದ್ರ ಹೆಂಗ?"

ಚಾಬೂಕು ಮೊದಲು ಅವಳ ಚಾಚಿದ ಕೈಗಳ ಮೇಲೆ ಬಿತ್ತು. ಆಮೇಲೆ ಹೆಗಲ ಮೇಲೆ. ಅವಳು ಹಾರೆ ಬಿಟ್ಟು ಅಲ್ಲೇ ಬಂಡೆಯ ಮೇಲೆ ಕೂತಳು. ಕೂತಲ್ಲಿಯೂ ಹೊಡೆದ. ಅವಳು ಎದ್ದೇಳಲಿಲ್ಲ.

ಬಾಳು ಹತ್ತು ಮಾರು ದೂರದಲ್ಲಿದ್ದ. ಅವನು ಹಾರೆ ಎತ್ತಿದವನು ಎತ್ತಿದ ಹಾಗೇ ನಿಂತ. ಆಮೇಲೆ ನಿಧಾನಕ್ಕೆ ಅದನ್ನು ನೆಲಕ್ಕೆ ಮಲಗಿಸಿ ಅತ್ತಿಗೆಯ ಪಕ್ಕ ಬಂದು ಕೂತ. ಒಂದೊಂದಾಗಿ ಹಾರೆಗಳ ಸದ್ದು ನಿಂತಿತು. ಎಲ್ಲವೂ ನಿಲ್ಲಲಿಲ್ಲ. ಅವನದಲ್ಲದೆ ಹನ್ನೊಂದು ನಿಂತವು, ನಾಲ್ಕು ನಡೆದೇ ಇದ್ದವು. ಆ ನಾಲ್ವರಿಗೆ ಸಣ್ಣ ಮಕ್ಕಳಿದ್ದರು. ಲಗಮವ್ವ ಅವರಿಗೆ ಏನೂ ಅನ್ನಲಿಲ್ಲ.

ಶಿದ್ರಾಮಪ್ಪ ಕೂತವರನ್ನು ಬಾಯಿಂದ ಎಣಿಸಿ, ಕೊಡೆ ಸರಿ ಮಾಡಿಕೊಂಡು ಕೆಳಗಿಳಿದ.

ಆರನೇ ದಿನ ಮುಂಜಾನೆ ಹುಲೆಪ್ಪ ಹೊಲಗೇರಿಯ ಗಡಿಕಲ್ಲಿನ ಹತ್ತಿರ ಬಂದು ನಿಂತ. ಕಲ್ಲಿನ ಈಚೆ ಊರಿನವರು ಕಾಲಿಡುತ್ತಿರಲಿಲ್ಲ. ಲಗಮವ್ವ ತನ್ನ ಕಟ್ಟೆಯಿಂದಲೇ ಅವನನ್ನು ನೋಡಿದಳು. ಅವನ ಮುಖ ಬೂದಿಯ ಹಾಗಿತ್ತು.

"ನಿನ್ನೆ ನಾನ ಬಿಚ್ಚಿ ಕಟ್ಟಿದ್ನಿ," ಅಂದ. "ಸಡಲ ಆಗಬಾರದು ಅಂತ ಬಿಗಿ ಕಟ್ಟಿದ್ನಿ. ಇವತ್ತ ಬೆರಳು ನೀಲಿ ಆಗ್ಯಾವು. ಕೂಸಿಗೆ ಮುಟ್ಟಿದ್ದ ತಿಳಿವಲ್ದು."

ನೀಲಿ ಆದ ಬೆರಳು ಅಂದರೆ ಏನು ಅಂತ ಲಗಮವ್ವನಿಗೆ ಗೊತ್ತು. ನಾಳೆ ಕಪ್ಪಾಗುತ್ತದೆ. ನಾಡಿದ್ದು ಯಾವ ಸೊಪ್ಪಿಗೂ ಬಗ್ಗುವುದಿಲ್ಲ, ಕೈಯನ್ನೇ ಕತ್ತರಿಸಬೇಕು.

"ಪಟ್ಟಿ ಬಿಚ್ಚಿದೇನು?"

"ಮುಟ್ಟಾಕ ಕೊಡವಲ್ರು. ಬಿಚ್ಚಿದ್ರ ಎಲಬ ಜಾರೀತು ಅಂತ ತಾವೂ ಬಿಚ್ಚವಲ್ರು. ಎರಡ ಸಲ ಕೆಡಿಸಿದಿ, ದೂರ ಸರಿ ಅಂತ ದೇಸಾಯ್ರು ಒದ್ರು. ಮಿರಜಿ ದವಾಖಾನಿಗೆ ಒಯ್ಯೋಣು ಅಂದ್ರ ಹೊಳಿ ತುಂಬಿ ಹರಿಯಾಕತ್ತೇತಿ, ದೋಣಿ ಬಿಡವಲ್ರು." ಅವನು ಕೈ ಜೋಡಿಸಿದ. "ಬಾ ಲಗಮವ್ವಾ. ನಿನ್ನ ಕಾಲ ಬೀಳತೇನಿ. ಈಗ ಮುಟ್ಟು ಅಂದ್ರೂ ಅಂದಾರು, ಹಿತ್ತಲ ಬಾಗಲಿಲೆ ಬಾ."

ಅವಳು ಎದ್ದೇಬಿಟ್ಟಿದ್ದಳು. ಅಂಗೈಯೊಳಗೆ ಇನ್ನೂ ಆ ಮಣಿಕಟ್ಟಿನ ಬಿಸಿ ಇದ್ದ ಹಾಗಿತ್ತು. ಎರಡು ಹೆಜ್ಜೆ ಇಟ್ಟಳು. ಹಿತ್ತಲ ಬಾಗಿಲು ಅನ್ನುವ ಮಾತು ಅವಳನ್ನು ಹಿಡಿದು ನಿಲ್ಲಿಸಿತು. ಇವತ್ತು ಹೋದರೆ ಕೈ ಕೂಡಿಸುವವರೆಗೆ ಕಾಯುತ್ತಾರೆ. ಗಂಟು ಬಿದ್ದಮೇಲೆ, ಮುಗೀತಾ ಅಂತ ಕೇಳುತ್ತಾರೆ. ಮುಂದಿನ ಸಲವೂ ಅಷ್ಟೇ. ಅವಳು ಸತ್ತಮೇಲೆ ಬರುವವಳಿಗೂ ಅಷ್ಟೇ.

"ಇಲ್ಲಿಗೆ ಕರಕೊಂಡ ಬರಾಕ ಹೇಳು," ಅಂದಳು.

"ಎಲ್ಲಿಗೆ?"

"ಇಲ್ಲಿಗೆ. ನನ್ನ ಕಟ್ಟಿ ಮ್ಯಾಲ. ಊರ ಅಗಸಿ ಮುಂದಿಂದ, ಎಲ್ಲಾರು ನೋಡೂಹಂಗ."

"ಆ ಮಾತ ನಾ ಹೆಂಗ ಹೇಳ್ಲೇ? ನನ್ನ ಕೊಲ್ಲತಾರ."

"ಕೊಲ್ಲಂಗಿಲ್ಲ. ನಿನ್ನ ಕೈ ಬೇಕಾಗತೇತಿ ಅವರಿಗೆ, ಕ್ಷೌರಕ್ಕ. ಹೋಗು. ಹೊತ್ತು ನೆತ್ತಿಗೆ ಬರೂದರಾಗ ಬರಬೇಕು. ಆಮ್ಯಾಲ ಬಂದ್ರ ನನ್ನ ಕೈಲೂ ಆಗಂಗಿಲ್ಲ ಅಂತ ಹೇಳು."

ಹುಲೆಪ್ಪ ಹೋದ. ಲಗಮವ್ವ ಮರಡಿ ಹತ್ತಿದಳು. ಮರಡಿ ಸಿಡುಬು ತಿಂದ ಮುಖದ ಹಾಗೆ ಹೊಂಡ ಹೊಂಡವಾಗಿತ್ತು. ಮೇಲೆ, ಹಾರೆ ಇನ್ನೂ ಮುಟ್ಟದ ಕೊರಕಲುಗಳಲ್ಲಿ ಮಾತ್ರ ಗಿಡ ಉಳಿದಿದ್ದವು. ಬಂಡೆಯ ಮೇಲೆ ಹೊಟ್ಟೆ ಎಳೆಯುತ್ತ ತೆವಳಿ ಕೈಗೆಟುಕಿದಷ್ಟು ಸೊಪ್ಪು ತರಿದಳು. ಕೆಳಗಿಳಿದು ಅರೆದಳು. ಅರೆಯುವಾಗ ಅಂಗೈಯ ಸುಲಿದ ಚರ್ಮಕ್ಕೆ ರಸ ತಾಗಿ ಉರಿಯಿತು. ಆಮೇಲೆ ಕಟ್ಟೆಯ ಮೇಲೆ ಕೂತು ಕಾದಳು.

ಬರದಿದ್ದರೆ? ಆ ಪ್ರಶ್ನೆಯ ಜೊತೆ ಕೂತಿದ್ದಳು. ಬರದಿದ್ದರೆ ಒಂದು ಕೂಸು ಕೈ ಕಳಕೊಳ್ಳುತ್ತದೆ. ಆ ಪಾಪದಲ್ಲಿ ತನಗೂ ಪಾಲಿದೆ, ಅದನ್ನು ತಾನು ಹೊರಬೇಕು. ಹೊರುತ್ತೇನೆ ಅಂತ ಅಂದುಕೊಂಡಳು. ಅರೆದ ಸೊಪ್ಪಿನ ಮೇಲೆ ಎಕ್ಕೆಯ ಎಲೆ ಮುಚ್ಚಿದಳು. ಸಾತವ್ವ ಬಂದು ಪಕ್ಕದಲ್ಲಿ ಒಂದು ತಂಬಿಗೆ ನೀರಿಟ್ಟು ಹೋದಳು.

ಹೊತ್ತು ನೆತ್ತಿಗೆ ಬರುವ ಮುಂಚೆ ಗಾಡಿಯ ಗೆಜ್ಜೆ ಕೇಳಿಸಿತು. ಕೊಲ್ಲಾರಿ ಗಾಡಿ, ಸುತ್ತ ಪರದೆ. ಮುಂದೆ ಶಿದ್ರಾಮಪ್ಪ. ಪಕ್ಕದಲ್ಲಿ ದೇಸಾಯಿ ಕುದುರೆಯ ಮೇಲೆ. ಹಿಂದೆ ಅರ್ಧ ಊರು. ಗಾಡಿ ಗಡಿಕಲ್ಲಿನ ಹತ್ತಿರ ನಿಂತಿತು.

"ಲಗಮೀ," ದೇಸಾಯಿ ಕರೆದ. "ಗಾಡೀ ತನಕ ಬಾ. ಮುಟ್ಟಿ ಕಟ್ಟು. ಯಾರೂ ಏನೂ ಅನ್ನಂಗಿಲ್ಲ."

ಕಲ್ಲಿನಿಂದ ಕಟ್ಟೆಗೆ ಇಪ್ಪತ್ತು ಹೆಜ್ಜೆ. ಲಗಮವ್ವ ಎದ್ದು ನಿಂತಳು. ಆದರೆ ಇಳಿಯಲಿಲ್ಲ.

"ಅಂಗಳ ದಾಟಿ ಒಂದ ಸಲ ಬಂದಿದ್ದೆ ಧಣ್ಯಾರ. ಇವತ್ತ ನೀವ ಬರ್ರಿ."

"ಮರಡಿ ಬಿಟ್ಟೇನಿ. ಉಳದ ಗಿಡಾ ಕೀಳಸಂಗಿಲ್ಲ. ಬಾ."

"ಮರಡಿ ನೀವ ಬಿಡಲಿಲ್ಲ. ನಮ್ಮ ಮಂದಿ ನಿನ್ನೇನ ಹಾರಿ ಇಳಿಸಿದ್ರು."

ದೇಸಾಯಿ ಕುದುರೆಯಿಂದ ಇಳಿಯಲಿಲ್ಲ. ಶಿದ್ರಾಮಪ್ಪ ಚಾಬೂಕು ತಿರುವುತ್ತಿದ್ದ. ಹೊತ್ತು ಏರುತ್ತಿತ್ತು. ಲಗಮವ್ವ ಬೇರೆ ಯಾರನ್ನೂ ನೋಡುತ್ತಿರಲಿಲ್ಲ, ಗಾಡಿಯ ಪರದೆಯನ್ನು ನೋಡುತ್ತಿದ್ದಳು. ಇನ್ನು ತಡೆಯಲಾರೆ, ತಾನೇ ಓಡಿ ಹೋಗಿಬಿಡುತ್ತೇನೆ ಅಂತ ಅವಳಿಗೆ ಅನ್ನಿಸಿತು. ಕಾಲ್ಬೆರಳುಗಳನ್ನು ಕಟ್ಟೆಯ ಅಂಚಿಗೆ ಒತ್ತಿ ಹಿಡಿದು ನಿಂತಳು.

ಪರದೆ ಸರಿಯಿತು. ಒಳಗಿನಿಂದ ಬಳೆ ತೊಟ್ಟ ಒಂದು ಕೈ ಅದನ್ನು ಎತ್ತಿ ಹಿಡಿದಿತ್ತು. ಚಂಪವ್ವ ಇಳಿದಳು. ಬಲಗೈಯನ್ನು ಎಡಗೈಯಿಂದ ಎದೆಗೆ ಒತ್ತಿಕೊಂಡಿದ್ದಳು. ಕಲ್ಲಿನ ಹತ್ತಿರ ಬಂದು ಒಂದು ಕ್ಷಣ ಅಜ್ಜನ ಕಡೆ ನೋಡಿದಳು.

"ಚಂಪೀ, ನಿಲ್ಲು," ದೇಸಾಯಿ ಅಂದ.

"ಬ್ಯಾನಿ ಆಗತೇತಿ," ಅಂದಳು ಹುಡುಗಿ. ಕಲ್ಲು ದಾಟಿದಳು. ಇಪ್ಪತ್ತು ಹೆಜ್ಜೆ ನಡೆದಳು. ಕಟ್ಟೆಯ ಮೇಲೆ ಹತ್ತಲು ಆಗಲಿಲ್ಲ. ಲಗಮವ್ವ ಬಗಲಿಗೆ ಕೈ ಹಾಕಿ ಎತ್ತಿ ಕೂಡ್ರಿಸಿಕೊಂಡಳು.

ಪಟ್ಟಿಯನ್ನು ಕುಡುಗೋಲಿನಿಂದ ಕೊಯ್ದಳು. ಬೆರಳು ನೇರಳೆಹಣ್ಣಿನ ಹಾಗಿದ್ದವು. ಅವುಗಳನ್ನು ತುದಿಯಿಂದ ಬುಡಕ್ಕೆ, ಬುಡದಿಂದ ತುದಿಗೆ ತಿಕ್ಕಿದಳು. ಬಹಳ ಹೊತ್ತು ಏನೂ ಆಗಲಿಲ್ಲ. ಆಮೇಲೆ ರಕ್ತ ತಿರುಗಿ ಬಂತು. ತಿರುಗಿ ಬರುವ ರಕ್ತ ಬೆಂಕಿಯ ಹಾಗೆ ಸುಡುತ್ತದೆ. ಕೂಸು ಕಿರುಚಿತು. ಕಿರುಚುತ್ತಲೇ ಇತ್ತು, ಲಗಮವ್ವನ ಕೊರಳಿಗೆ ಎಡಗೈ ಸುತ್ತಿ, ಅವಳ ಹೆಗಲು ಕಚ್ಚಿ ಹಿಡಿದು. ದೇಸಾಯಿ ಕುದುರೆಯ ಮೇಲೆ ಕೂತು ಅದನ್ನೆಲ್ಲ ಕೇಳಿದ. ಇಪ್ಪತ್ತು ಹೆಜ್ಜೆ ಅವನಿಂದ ಬರಲಾಗಲಿಲ್ಲ. ಗಾಡಿಯಿಂದ ತಾಯಿ ಇಳಿಯಲು ಹೊರಟಾಗ ಕೈ ಅಡ್ಡ ಹಿಡಿದು ತಡೆದ.

ಲಗಮವ್ವ ಎಲುಬನ್ನು ನೋಡಿಕೊಂಡಳು. ಅವಳು ಕೂಡಿಸಿದ ಜಾಗದಲ್ಲೇ ಇತ್ತು. ಸೊಪ್ಪು ಬಳಿದು ಹೊಸ ಪಟ್ಟಿ ಕಟ್ಟಿದಳು. ಕಿರುಬೆರಳು ಮುಂದೆ ಎಂದೂ ಪೂರ್ತಿ ಮಡಚಲಿಲ್ಲ. ಕೈ ಉಳಿಯಿತು.

"ಇನ್ನೂ ನಾಕ ಸಲ ಪಟ್ಟಿ ಬಿಚ್ಚಬೇಕು," ಅಂದಳು ದೇಸಾಯಿಗೆ ಕೇಳಿಸುವ ಹಾಗೆ. "ಹಗಲ ಹೊತ್ತಿನ್ಯಾಗ ಬರ್ರಿ. ಇಲ್ಲೇ ಬರ್ರಿ. ಊರಾಗಿಂದ ಬ್ಯಾರೆ ಯಾರದರೆ ಕೈಕಾಲ ಮುರಿದ್ರೂ ಇಲ್ಲೇ ಬರಾಕ ಹೇಳ್ರಿ."

ಹುಡುಗಿ ಕಲ್ಲಿನ ಆಚೆ ಹೋದ ಕೂಡಲೆ ಅವಳ ತಲೆಯ ಮೇಲೆ ಆಕಳ ಗಂಜಲ ಸುರಿದರು. ಕೈಯೊಂದನ್ನು ಮೇಲಕ್ಕೆ ಎತ್ತಿ ಹಿಡಿದೇ ಸುರಿದರು. ಲಗಮವ್ವ ಕಟ್ಟೆಯ ಮೇಲಿಂದ ನೋಡಿದಳು. ಇಡೀ ಹೊಲಗೇರಿ ನೋಡಿತು.

ದೇಸಾಯಿ ಏನೋ ಹೇಳಿದ. ಶಿದ್ರಾಮಪ್ಪ ಗಾಡಿಯಿಂದ ಒಂದು ಗಂಟು ತೆಗೆದು ಕಲ್ಲಿನ ಮೇಲಿಂದ ಕೇರಿಯೊಳಕ್ಕೆ ಎಸೆದ. ಅದು ಕೆಸರಿನ ಪಕ್ಕ ಬಿದ್ದು ಬಿಚ್ಚಿಕೊಂಡಿತು. ಹೊಸ ಸೀರೆ. ರಬಕವಿಯ ಮಗ್ಗದ್ದು, ದಾಳಿಂಬೆ ಬಣ್ಣ, ಅಂಗೈಯಗಲದ ದಡಿ. ಅಂಥ ಸೀರೆ ಹೊಲಗೇರಿಯ ಯಾವ ಹೆಂಗಸಿನ ಮೈಮೇಲೂ ಬಂದಿರಲಿಲ್ಲ.

"ಧಣ್ಯಾರು ಕೊಟ್ಟಾರ," ಶಿದ್ರಾಮಪ್ಪ ಅಂದ. "ತಗೊಂಡು ಅಡ್ಡ ಬೀಳು."

ಸಾತವ್ವ ಸೀರೆಯನ್ನು ನೋಡಿದಳು. ಅವಳ ಉಟ್ಟ ಸೀರೆಗೆ ಏಳು ಕಡೆ ತೇಪೆ ಇತ್ತು. ಅವಳು ಲಗಮವ್ವನ ಮುಖ ನೋಡಿದಳು.

ಲಗಮವ್ವ ಕಟ್ಟೆಯಿಂದ ಇಳಿದಳು. ಸೀರೆ ಎತ್ತಿಕೊಂಡಳು. ಕೆಸರು ಝಾಡಿಸಿದಳು. ಬೆರಳಿನ ನಡುವೆ ತಿಕ್ಕಿ ನೋಡಿದಳು. ಒಳ್ಳೆ ನೂಲು, ಮೆತ್ತಗಿತ್ತು. ಕುದುರೆಯ ಮೇಲೆ ದೇಸಾಯಿ ಕಾಯುತ್ತಿದ್ದ.

ಅವಳು ದಡಿಯನ್ನು ಹಲ್ಲಿಗೆ ಕಚ್ಚಿಕೊಂಡಳು. ಸಡಿಲವಾದ ಹಲ್ಲು ನೋಯಿತು. ಇನ್ನೂ ಗಟ್ಟಿ ಕಚ್ಚಿದಳು. ಎರಡೂ ಕೈಯಿಂದ ಜಗ್ಗಿದಳು. ಸೀರೆ ಪರ್ರ್ ಅಂತ ಉದ್ದಕ್ಕೆ ಹರಿಯಿತು. ಹಿಂದಿನ ಜನಕ್ಕೂ ಆ ಸದ್ದು ಕೇಳಿಸಿತು. ಮತ್ತೆ ಹರಿದಳು. ನಾಲ್ಕು ಬೆರಳಗಲದ ಪಟ್ಟಿ, ಒಂದರ ಮೇಲೊಂದು.

"ಬಾಳು, ಬಾ ಇಲ್ಲಿ," ಅಂದಳು. "ಕೈ ಚಾಚು."

ಬಾಳು ಬಂದ. ಕಂಬಕ್ಕೆ ಕಟ್ಟಿದ ದಿನದ ಮೇಲೆ ಮೊದಲ ಸಲ ಅತ್ತಿಗೆಯ ಮುಖ ನೋಡಿದ. ಸುಲಿದ ಎರಡೂ ಅಂಗೈ ಅವಳ ಮುಂದೆ ಹಿಡಿದ. ಅವಳು ಉಳಿದ ಸೊಪ್ಪನ್ನು ಅದಕ್ಕೆ ಬಳಿದು, ದಾಳಿಂಬೆ ಬಣ್ಣದ ಪಟ್ಟಿ ಸುತ್ತಿ ಗಂಟು ಹಾಕಿದಳು.

"ಮುಂದಿನವರು ಬರ್ರಿ," ಅಂದಳು.

ಹಾರೆ ಇಳಿಸಿದ್ದ ಹನ್ನೊಂದು ಜನ ಸಾಲಾಗಿ ಬಂದು ಕೂತರು. ಅವರ ಹಿಂದೆ, ಸ್ವಲ್ಪ ತಡೆದು, ಉಳಿದ ನಾಲ್ವರೂ ಬಂದರು.